ಹಳ್ಳಿ ಅಂಚೆಯವರ ಸಂಬಳ ಲೆಕ್ಕ ಹಾಕುವುದು ಹೇಗೆ?

ಗ್ರಾಮೀಣ ಅಂಚೆ ಸೇವಕರ ನೇಮಕಾತಿಗೆ ಅರ್ಜಿ ಕರೆದಾಗಲೆಲ್ಲ ಊರಿನ ಹುಡುಗರು ಕೇಳುವುದು ಒಂದೇ ಮಾತು, 'ಕೈಗೆ ಎಷ್ಟು ಬರುತ್ತೆ?' ಅಧಿಸೂಚನೆಯಲ್ಲಿ 12,000–29,380 ಅಂತ ಇರುತ್ತೆ. ಅದನ್ನು ನೋಡಿ ಒಂದೆರಡು ವರ್ಷದಲ್ಲಿ ಮೂವತ್ತು ಸಾವಿರ ಮುಟ್ಟಬಹುದು ಅಂದುಕೊಳ್ಳುವವರಿದ್ದಾರೆ. ಆ ದೊಡ್ಡ ಅಂಕಿ ಸುಮಾರು ಮೂವತ್ತು ಇನ್ಕ್ರಿಮೆಂಟ್ ಆದ ಮೇಲೆ ಬರುವಂಥದ್ದು. ಸೇರಿದ ದಿನ ನಿಮಗೆ ಸಂಬಂಧಪಟ್ಟದ್ದು ಎಡಗಡೆಯ ಚಿಕ್ಕ ಅಂಕಿ ಮಾತ್ರ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಕಾಗದದ ಮೇಲೆ ಇದಕ್ಕೆ ಸಂಬಳ ಅನ್ನುವುದಿಲ್ಲ, ಟಿ.ಆರ್.ಸಿ.ಎ. ಅನ್ನುತ್ತಾರೆ. ಅಂದರೆ ಕೆಲಸದ ಗಂಟೆಗೆ ತಕ್ಕ ಭತ್ಯೆ. ಈಗಿನ ದರ ಬಂದಿದ್ದು ಇವರ ಸಂಬಳ, ಸೌಲಭ್ಯ ಪರಿಶೀಲಿಸಿದ ಕಮಲೇಶ್ ಚಂದ್ರ ಸಮಿತಿಯ ವರದಿಯ ನಂತರ, 2018ರ ಜುಲೈ 1ರಿಂದ. ಬ್ರಾಂಚ್ ಪೋಸ್ಟ್ ಮಾಸ್ಟರ್, ಅಂದರೆ ಬಿ.ಪಿ.ಎಂ. ಆದರೆ 4 ಗಂಟೆಗೆ 12,000 ರೂಪಾಯಿ, 5 ಗಂಟೆಗೆ 14,500. ಅವರ ಸಹಾಯಕ, ಅಂದರೆ ಎ.ಬಿ.ಪಿ.ಎಂ. ಅಥವಾ ಡಾಕ್ ಸೇವಕ್ ಆದರೆ 4 ಗಂಟೆಗೆ 10,000, 5 ಗಂಟೆಗೆ 12,000. ಮನೆಮನೆಗೆ ಕಾಗದ, ಪಾರ್ಸೆಲ್ ಹಂಚುವವರು ಹೆಚ್ಚಾಗಿ ಈ ಎರಡನೇ ಸಾಲಿನವರು.

ಅದರ ಮೇಲೆ ತುಟ್ಟಿಭತ್ಯೆ ಬರುತ್ತೆ, ಕೇಂದ್ರ ಸರ್ಕಾರಿ ನೌಕರರಿಗೆ ಎಷ್ಟೋ ಅಷ್ಟೇ ಶೇಕಡಾ. 2025ರ ಜುಲೈನಲ್ಲಿ ಅದು 58% ಇತ್ತು, ಆ ದರವನ್ನೇ ಹಿಡಿಯೋಣ. ಈಗ ನೀವೇ ಲೆಕ್ಕ ಹಾಕಿ ನೋಡಿ. 10,000ಕ್ಕೆ 5,800 ಸೇರಿಸಿದರೆ 15,800. 12,000 ಇದ್ದವರಿಗೆ 18,960. 14,500 ಇದ್ದವರಿಗೆ 22,910. ಮನೆಬಾಡಿಗೆ ಭತ್ಯೆ ಇಲ್ಲ, ಹಾಗಾಗಿ ಅದನ್ನು ಸೇರಿಸಿ ಕನಸು ಕಾಣಬೇಡಿ. ಇದರಲ್ಲಿ ಗುಂಪು ವಿಮೆ, ಸೇವೆ ಮುಗಿದಾಗ ಸಿಗುವ ನಿಧಿಯ ಕಂತು, ಯೂನಿಯನ್ ಚಂದಾ, ಸೊಸೈಟಿ ಸಾಲ ಇದ್ದರೆ ಅದರ ಕಂತು, ಇವೆಲ್ಲ ಕಟ್ ಆಗಿ ಉಳಿದದ್ದು ಖಾತೆಗೆ ಬೀಳುತ್ತೆ. ತುಟ್ಟಿಭತ್ಯೆ ಜನವರಿ ಮತ್ತು ಜುಲೈಗೆ ಏರುತ್ತೆ, ಆದರೆ ಆದೇಶ ಬರುವುದು ಸಾಮಾನ್ಯವಾಗಿ ತಡವಾಗಿ. ಬಾಕಿ ಹಣ ಬಂತಾ ಇಲ್ವಾ ಅಂತ ನೀವೇ ಸ್ಲಿಪ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಇನ್ಕ್ರಿಮೆಂಟ್ ವರ್ಷಕ್ಕೆ 3%. 10,000 ಇದ್ದದ್ದು 10,300 ಆಗುತ್ತೆ, ಅದರ ಮುಂದಿನ ವರ್ಷ 10,610. ಇದು ಜನವರಿ 1ಕ್ಕೆ ಬೇಕಾ ಜುಲೈ 1ಕ್ಕೆ ಬೇಕಾ ಅಂತ ಒಂದೇ ಸಲ ಬರೆದು ಕೊಡಬೇಕು. ಈ ಪತ್ರ ಕೊಡುವುದನ್ನೇ ಮರೆತವರನ್ನು ನಾನು ನೋಡಿದ್ದೇನೆ. ಸೇವೆಗೆ 12, 24, 36 ವರ್ಷ ತುಂಬಿದವರಿಗೆ 2024ರಲ್ಲಿ ಬಂದ ಯೋಜನೆಯಂತೆ ವರ್ಷಕ್ಕೆ ಕ್ರಮವಾಗಿ 4,320, 5,520, 7,200 ರೂಪಾಯಿ ಹೆಚ್ಚು ಸಿಗುತ್ತೆ. ತಿಂಗಳಿಗಲ್ಲ, ವರ್ಷಕ್ಕೆ! ಹಬ್ಬದ ಬೋನಸ್ ಇತ್ತೀಚಿನ ವರ್ಷಗಳಲ್ಲಿ 60 ದಿನದ್ದು ಕೊಡುತ್ತಿದ್ದಾರೆ, ಆದರೆ ಲೆಕ್ಕಕ್ಕೆ ಹಿಡಿಯುವುದು ತಿಂಗಳಿಗೆ 7,000 ರೂಪಾಯಿ ಮಾತ್ರ. ಅಲ್ಲಿಗೆ ಅದು 13,800ರ ಆಸುಪಾಸಿಗೆ ನಿಲ್ಲುತ್ತೆ.

ಇಷ್ಟು ಸುಲಭದ ಲೆಕ್ಕ. ಕಷ್ಟದ ಲೆಕ್ಕ ಗಂಟೆಯದು.

ನಮ್ಮ ಚಿಕ್ಕಪ್ಪ ಮಲೆನಾಡಿನ ಒಂದು ಬ್ರಾಂಚ್ ಆಫೀಸಿನಲ್ಲಿ ಟಪಾಲು ಹಂಚುತ್ತಿದ್ದರು. ಆಗ ಇವರನ್ನೆಲ್ಲ ಇ.ಡಿ. ಅಂತ ಕರೆಯುತ್ತಿದ್ದರು, ಇಲಾಖೆಯ ಹೊರಗಿನವರು ಅನ್ನುವ ಅರ್ಥದಲ್ಲಿ. ಮಳೆಗಾಲದಲ್ಲಿ ಹಳ್ಳ ತುಂಬಿ ಸಂಕ ಮುಳುಗಿದರೆ ಸುತ್ತಿ ಬರಬೇಕು, ಒಂಟಿ ಮನೆಗೆ ಒಂದು ಕಾಗದ ಇದ್ದರೂ ಎರಡು ಗುಡ್ಡ ಹತ್ತಬೇಕು. ಮನೆಗೆ ಬರುವಾಗ ಮಧ್ಯಾಹ್ನದ ಊಟದ ಹೊತ್ತು ಎಂದೋ ಮೀರಿರುತ್ತಿತ್ತು. ಲೆಕ್ಕದಲ್ಲಿ ಮಾತ್ರ ಕೆಲವೇ ಗಂಟೆ. ಈಗಲೂ ಅಷ್ಟೇ. ಆನ್‌ಲೈನ್ ಪಾರ್ಸೆಲ್, ಸಂಧ್ಯಾ ಸುರಕ್ಷಾ ಹಣ, ಬೆರಳು ಒತ್ತಿಸಿ ಖಾತೆಯಿಂದ ದುಡ್ಡು ತೆಗೆದು ಕೊಡುವುದು, ಇದೆಲ್ಲ ಮುಗಿಸಿ ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿ ಎಂಟ್ರಿ ಹಾಕುವಷ್ಟರಲ್ಲಿ ದಿನವೇ ಹೋಗಿರುತ್ತೆ.

ಇವರದು ಸಿವಿಲ್ ಹುದ್ದೆಯೇ, ಅಂದರೆ ಸರ್ಕಾರದ ಕೆಳಗಿನ ಹುದ್ದೆಯೇ ಅಂತ ಸುಪ್ರೀಂ ಕೋರ್ಟ್ 1977ರಲ್ಲೇ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಹೇಳಿದೆ. ಆದರೂ ಪೂರ್ಣ ಪ್ರಮಾಣದ ನೌಕರರ ಸಂಬಳ ಶ್ರೇಣಿ ಇವರಿಗೆ ಇಲ್ಲ. ಇದಲ್ಲದೆ ಜೀವನಕ್ಕೆ ಬೇರೆ ಆದಾಯ ಇರಬೇಕು ಅನ್ನುವುದೇ ನಿಯಮ. ತೋಟ, ಹಸು, ಅಂಗಡಿ, ಏನೋ ಒಂದು. ನನಗೆ ಇದು ಅನ್ಯಾಯ ಅಂತಲೇ ಅನ್ನಿಸುತ್ತೆ. ಆದರೆ ಸೇರುವವರು ಇದನ್ನು ಮೊದಲೇ ತಿಳಿದು ಸೇರಬೇಕು.

ಹಾಗಾಗಿ ನೇಮಕಾತಿ ಪತ್ರ ಕೈಗೆ ಬಂದಾಗ ಮೊದಲು ನೋಡಬೇಕಾದ್ದು ನಿಮ್ಮದು 4 ಗಂಟೆಯ ಹಂತವೋ 5 ಗಂಟೆಯದೋ ಅನ್ನುವುದನ್ನು. ಬರೆದಿಲ್ಲ ಅಂದರೆ ಇನ್ಸ್‌ಪೆಕ್ಟರ್ ಹತ್ತಿರ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಈ ಹಂತ ನಿಂತಿರುವುದು ಆ ಆಫೀಸಿನ ಕೆಲಸದ ಪ್ರಮಾಣದ ಮೇಲೆ. ಅಂದರೆ ಎಂಟ್ರಿ ಆಗದ ಕೆಲಸ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಪರಿಚಯದವರು ಅಂತ ಸುಮ್ನೆ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಡಿ, ಆರ್.ಡಿ. ಕಂತು ಇರಲಿ, ಗ್ರಾಮೀಣ ಅಂಚೆ ಜೀವ ವಿಮೆ ಇರಲಿ, ಆಗಿಂದಾಗಲೇ ಎಂಟ್ರಿ ಮಾಡಿ ರಸೀದಿ ಕೊಡಿ. ಸರ್ಕಾರಿ ಹಣ ನಿಮ್ಮ ಕೈಯಲ್ಲಿರುವಾಗ ನಿಮ್ಮ ರಕ್ಷಣೆಗೂ ಅದೇ ದಾರಿ.

ಜೊತೆಗೆ ಒಂದು ಸಾದಾ ನೋಟ್‌ಬುಕ್ ಇಡಿ. ಇವತ್ತು ಎಷ್ಟು ಪಾರ್ಸೆಲ್, ಎಷ್ಟು ಸ್ಪೀಡ್ ಪೋಸ್ಟ್, ಎಷ್ಟು ಕಿಲೋಮೀಟರ್, ಎಷ್ಟು ಹೊತ್ತಿಗೆ ಹೊರಟು ಎಷ್ಟು ಹೊತ್ತಿಗೆ ಬಂದಿರಿ, ದಿನಕ್ಕೆ ಎರಡು ಸಾಲು ಸಾಕು. ಮುಂದೆ ಹಂತ ಏರಿಸಿ ಅಂತ ಕೇಳುವಾಗ 'ತುಂಬಾ ಕೆಲಸ ಸಾರ್' ಅನ್ನುವುದಕ್ಕಿಂತ ಆರು ತಿಂಗಳ ಈ ಪುಟಗಳನ್ನು ಅರ್ಜಿಗೆ ಲಗತ್ತಿಸಿ ಕೊಡುವುದು ಸಾವಿರ ಪಾಲು ಮೇಲು. ಅರ್ಜಿಯ ಒಂದು ಪ್ರತಿಗೆ ಸಹಿ ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಊರಿನವರಿಗೂ ಒಂದು ಮಾತು. ಸುಕನ್ಯಾ ಸಮೃದ್ಧಿ ಖಾತೆಗೋ ಆರ್.ಡಿ.ಗೋ ಪೇಟೆಯ ದೊಡ್ಡ ಪೋಸ್ಟ್ ಆಫೀಸಿಗೆ ಹೋಗುವ ಬದಲು ನಿಮ್ಮೂರಿನ ಬ್ರಾಂಚ್‌ನಲ್ಲೇ ತೆರೆಯಿರಿ. ಬಡ್ಡಿ ಅಷ್ಟೇ, ಆದರೆ ಆ ಕೆಲಸ ನಿಮ್ಮೂರ ಅಂಚೆಯವರ ಲೆಕ್ಕಕ್ಕೆ ಸೇರುತ್ತೆ. ವಿಮೆ ಮಾಡಿಸಿದರೆ, ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದರೆ ಅವರಿಗೆ ಬೇರೆ ಕಮಿಷನ್ ಕೂಡ ಇದೆ.

ಬಿ.ಪಿ.ಎಂ. ಆಗುವವರು ಇನ್ನೊಂದು ಖರ್ಚು ನೆನಪಿಡಿ. ಆಫೀಸಿಗೆ ಜಾಗ ನೀವೇ ಕೊಡಬೇಕು. ಅದಕ್ಕೆ ಒಂದು ಭತ್ಯೆ ಇದೆ, ಆದರೆ ಬಾಡಿಗೆಗೆ ಕೋಣೆ ಹಿಡಿದರೆ ಅದು ಸಾಲುವುದು ಕಷ್ಟ. ಸ್ವಂತ ಮನೆಯ ಜಗಲಿ ಪಕ್ಕದ ಕೋಣೆ ಇದ್ದರೆ ಅನುಕೂಲ. ಹಂಚುವ ಕೆಲಸವೂ ನಿಮ್ಮ ಮೇಲೇ ಬಿದ್ದರೆ ಅದಕ್ಕೆ ಜೋಡಿ ಕೆಲಸದ ಭತ್ಯೆ ಇದೆ. ಸೈಕಲ್ ಭತ್ಯೆ, ಹೊಳೆ ದಾಟುವ ಕಡೆ ದೋಣಿ ಭತ್ಯೆ ಕೂಡ ಇವೆ. ಕೇಳಿ ಪಡೆಯಿರಿ, ತಾನಾಗಿ ಬರುತ್ತೆ ಅಂತ ಕಾಯಬೇಡಿ. ರಜೆ ವರ್ಷಕ್ಕೆ 20 ದಿನ, ತುರ್ತು ರಜೆ 5 ದಿನ.

ನಿವೃತ್ತಿ 65ಕ್ಕೆ. ಇಲಾಖೆಯ ಇತರ ನೌಕರರ ಹಳೇ ಪಿಂಚಣಿ ಇವರಿಗಿಲ್ಲ. ಗ್ರಾಚ್ಯುಟಿ ಜಾಸ್ತಿ ಅಂದರೆ 1,50,000 ರೂಪಾಯಿ. ವಯಸ್ಸು ಚಿಕ್ಕದಿದ್ದರೆ ಎಂ.ಟಿ.ಎಸ್. (ಇಲಾಖೆಯ ಕೆಳಹಂತದ ಕಾಯಂ ಹುದ್ದೆ), ಪೋಸ್ಟ್‌ಮ್ಯಾನ್ ಹುದ್ದೆಗಳ ಇಲಾಖಾ ಪರೀಕ್ಷೆಗೆ ಓದಲು ಈಗಲೇ ಶುರು ಮಾಡಿ, ಅಲ್ಲಿ ಪಾಸಾದರೆ ಸಂಬಳದ ಲೆಕ್ಕವೇ ಬೇರೆ. ಈಗಾಗಲೇ ಕೆಲಸದಲ್ಲಿ ಇರುವವರು ಗುಂಪು ವಿಮೆಯಲ್ಲಿ ಮತ್ತು ಸೇವಾ ನಿಧಿಯಲ್ಲಿ ನಾಮಿನಿ ಯಾರ ಹೆಸರಲ್ಲಿದೆ ಅಂತ ಒಮ್ಮೆ ನೋಡಿ. ಮದುವೆಗೆ ಮುಂಚೆ ಸೇರಿದವರು ಅಪ್ಪನ ಹೆಸರು ಕೊಟ್ಟು ಹಾಗೇ ಬಿಟ್ಟಿರುತ್ತಾರೆ, ಅದನ್ನು ಈ ತಿಂಗಳೇ ಸರಿ ಮಾಡಿಸಿ.