ಏರೋಪ್ಲೇನ್ ಚಿಟ್ಟೆ ಮರಳಿ ಬರುವ ಕಡ್ಡಿ

ಏರೋಪ್ಲೇನ್ ಚಿಟ್ಟೆಯ ಫೋಟೋ ತೆಗೆಯಲು ಯಾವ ಕ್ಯಾಮೆರಾ ಬೇಕು ಎಂದು ಕೇಳುವವರು ಬಹಳ ಜನ. ಅದು ಎಲ್ಲಿ ಕೂರುತ್ತದೆ, ಎಷ್ಟು ಹೊತ್ತಿಗೆ ಏಳುತ್ತದೆ ಎಂದು ಕೇಳುವವರು ಕಡಿಮೆ. ಶಿರಸಿ ಹತ್ತಿರದ ನಮ್ಮ ಅಡಿಕೆ ತೋಟ, ಅದರ ಕೆಳಗಿನ ಗದ್ದೆ, ಗದ್ದೆಯಾಚೆಯ ಹಳ್ಳ, ಇಷ್ಟರಲ್ಲೇ ವರ್ಷಗಟ್ಟಲೆ ಈ ಹುಳಗಳ ಹಿಂದೆ ಓಡಾಡಿದ್ದೇನೆ. ಹುಳದ ದಿನಚರಿ ಗೊತ್ತಿದ್ದವರಿಗೆ ಅರ್ಧ ಚಿತ್ರ ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲೇ ಸಿಕ್ಕಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಇವುಗಳಲ್ಲಿ ಕೂರುವ ಜಾತಿ ಬೇರೆ, ಹಾರುತ್ತಲೇ ಇರುವ ಜಾತಿ ಬೇರೆ. ಭತ್ತದ ಗದ್ದೆಯಲ್ಲಿ ಕಾಣುವ ಕಪ್ಪು ಬಿಳಿ ರೆಕ್ಕೆಯ ಪೈಡ್ ಪ್ಯಾಡಿ ಸ್ಕಿಮ್ಮರ್, ಹಸಿರು ಮೈಗೆ ಕಪ್ಪು ಪಟ್ಟೆಯ ಗ್ರೀನ್ ಮಾರ್ಷ್ ಹಾಕ್, ಕೆರೆಯಂಚಿನ ಕಡುಗೆಂಪು ಸ್ಕಾರ್ಲೆಟ್ ಸ್ಕಿಮ್ಮರ್, ಇವೆಲ್ಲ ಕೂರುವ ಜಾತಿಯವು. ಒಂದು ಕಡ್ಡಿ ಆರಿಸಿಕೊಂಡು ಅಲ್ಲಿಂದ ಹಾರಿ, ಸೊಳ್ಳೆಯನ್ನೋ ನೊಣವನ್ನೋ ಹಿಡಿದು, ಮತ್ತೆ ಅದೇ ಕಡ್ಡಿಗೆ ಬರುತ್ತವೆ. ಹಾಗಾಗಿ ಹಾರಿಹೋದ ಹುಳದ ಹಿಂದೆ ನಾನು ಹೋಗುವುದಿಲ್ಲ. ಅದು ಹಾರಿದ ಆ ಕ್ಷಣದಲ್ಲಿ ಕಡ್ಡಿಯ ಕಡೆ ಒಂದು ಹೆಜ್ಜೆ ಮುಂದಿಡುತ್ತೇನೆ. ಮರಳಿ ಕೂತಾಗ ಅಲುಗಾಡದೆ ನಿಲ್ಲುತ್ತೇನೆ. ಮತ್ತೆ ಹಾರಿದಾಗ ಇನ್ನೊಂದು ಹೆಜ್ಜೆ. ಕೆರೆ ದಂಡೆಯಲ್ಲಿ ಹಿನ್ನೆಲೆ ಗಲೀಜಾಗಿದ್ದರೆ, ದೂರದ ಹಸಿರೊಂದೇ ಹಿಂದೆ ಕಾಣುವ ಕಡೆ ನಾನೇ ಒಂದು ಒಣಕಡ್ಡಿ ಊರಿ ಕೂರುತ್ತೇನೆ. ಸುತ್ತಲಿನ ಹುಲ್ಲಿಗಿಂತ ತುಸು ಎತ್ತರವಾಗಿದ್ದರೆ ಸಾಕು, ಯಾವುದಾದರೊಂದು ಬಂದು ಅದನ್ನು ತನ್ನದು ಮಾಡಿಕೊಳ್ಳುತ್ತದೆ.

ದೊಡ್ಡ ಜಾತಿಗಳಲ್ಲಿ ಒಂದೊಂದು ಕಣ್ಣಿನಲ್ಲಿ ಸುಮಾರು 30,000 ದವರೆಗೆ ಕಿರುಗಣ್ಣುಗಳಿರುತ್ತವೆ. ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ. ಅದಕ್ಕೆ ಕಾಣದಂತೆ ಹೋಗುವುದು ಸಾಧ್ಯವಿಲ್ಲ, ಹೆದರಿಕೆ ಹುಟ್ಟಿಸದಂತೆ ಹೋಗಬಹುದು. ಅಡ್ಡಡ್ಡ ಸರಿದರೆ ಹಾರುತ್ತದೆ. ನೇರವಾಗಿ, ಬಗ್ಗಿ, ನಿಧಾನವಾಗಿ ಹೋದರೆ ತಾಳಿಕೊಳ್ಳುತ್ತದೆ. ನಮ್ಮ ನೆರಳು ಮಾತ್ರ ಅದರ ಮೇಲೆ ಬೀಳಕೂಡದು. ಸೂರ್ಯ ಯಾವ ಬದಿಗಿದ್ದಾನೆ ಎಂದು ನೋಡಿಕೊಂಡೇ ಗದ್ದೆಯ ಅಂಚಿಗೆ ಇಳಿಯಬೇಕು.

ಕೂತ ಹುಳಕ್ಕೆ ಶಟರ್ ಸೆಕೆಂಡಿನ 1/500 ಭಾಗದಷ್ಟು ತೆರೆದರೆ ಸಾಕು. ಕಷ್ಟ ಫೋಕಸ್ಸಿನದು. ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರಿನ ಮೇಲೆ ಹುಳ ತನ್ನ ಅರ್ಧ ಗಾತ್ರಕ್ಕೆ ಬರುವಷ್ಟು ಹತ್ತಿರ ಹೋದರೆ, ಲೆನ್ಸಿನ ಕಿಂಡಿ ಎಫ್/8 ರಲ್ಲಿದ್ದರೂ ಸ್ಪಷ್ಟವಾಗಿ ಬರುವುದು ಸುಮಾರು ಎರಡು ಮಿಲಿಮೀಟರ್ ದಪ್ಪ ಮಾತ್ರ. ಆ ಎರಡು ಮಿಲಿಮೀಟರಿನೊಳಗೆ ಕಣ್ಣು, ಎದೆ, ಬಾಲದ ತುದಿ ಎಲ್ಲ ಬರಬೇಕಾದರೆ ಕ್ಯಾಮೆರಾದ ಹಿಂಬದಿ ಹುಳದ ಮೈಗೆ ಸಮಾನಾಂತರವಾಗಿರಬೇಕು. ನಾನು ಮೊದಲು ಬದಿಯಿಂದ ತೆಗೆಯುತ್ತೇನೆ, ಆಮೇಲೆ ಎದುರಿನಿಂದ ಕಣ್ಣಿಗೊಂದು. ತೀರ ಹತ್ತಿರದಿಂದ ತೆಗೆಯುವ 105 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಒಳ್ಳೆಯದೇ. ಆದರೆ ನೀರಿನಂಚಿನ ಅಂಜುಬುರುಕ ಜಾತಿಗಳಿಗೆ 300 ಮಿಲಿಮೀಟರಿನ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಎಕ್ಸ್‌ಟೆನ್ಶನ್ ಟ್ಯೂಬ್ ಎಂಬ ಟೊಳ್ಳು ಕೊಳವೆ ಹಾಕಿಕೊಂಡು ದೂರದಿಂದಲೇ ತೆಗೆಯುವುದು ನನಗೆ ಹೆಚ್ಚು ಒಗ್ಗಿದೆ.

ಹೊಸದಾಗಿ ಕಲಿಯುವವರು ಚಳಿಗಾಲದ ಬೆಳಿಗ್ಗೆಯಿಂದ ಶುರುಮಾಡಲಿ. ಮೈ ಬಿಸಿಯಾಗದೆ ಇವು ಹಾರಲಾರವು. ಘಟ್ಟದ ಮೇಲೆ ಡಿಸೆಂಬರಿನಲ್ಲಿ ಇಬ್ಬನಿ ಬಿದ್ದ ಗದ್ದೆಬಯಲಿನಲ್ಲಿ, ಬಿಸಿಲು ಹುಲ್ಲಿನ ತುದಿ ಮುಟ್ಟುವ ತನಕ, ರೆಕ್ಕೆಯ ಮೇಲೆಲ್ಲ ಹನಿ ಹೊತ್ತು ಕೂತಿರುತ್ತವೆ. ಟ್ರೈಪಾಡ್ ಹೂಡಿ ಸಮಾಧಾನವಾಗಿ ತೆಗೆಯಬಹುದು. ಹನಿಯನ್ನು ಒರೆಸುವುದು, ಕಡ್ಡಿ ಕಿತ್ತು ಬೆಳಕಿಗೆ ತರುವುದು ಬೇಡವೇ ಬೇಡ. ಹುಳ ಹಿಡಿದು ಫ್ರಿಜ್ಜಿನಲ್ಲಿಟ್ಟು ಮಂಪರು ಬರಿಸಿ ತೆಗೆಯುವವರಿದ್ದಾರೆ. ಹಾಗೆ ತೆಗೆದ ಚಿತ್ರವನ್ನು ನಾನು ನೋಡಲೂ ಒಲ್ಲೆ. ಮಟಮಟ ಮಧ್ಯಾಹ್ನದ ನೋಟವೇ ಬೇರೆ. ಬಿಸಿಲು ನೆತ್ತಿಗೆ ಬಂದಾಗ ಕೆಲವು ಬಾಲವನ್ನು ನೆಟ್ಟಗೆ ಸೂರ್ಯನತ್ತ ಎತ್ತಿ ನಿಲ್ಲುತ್ತವೆ. ಮೈಮೇಲೆ ಬೀಳುವ ಬಿಸಿಲು ಕಡಿಮೆಯಾಗಲಿ ಎಂದು ಹಾಗೆ ಮಾಡುತ್ತವೆ. ಬೆಳಕು ಚೆನ್ನಾಗಿಲ್ಲದ ಆ ಹೊತ್ತಿನಲ್ಲೂ ಈ ಭಂಗಿಗಾಗಿ ಗದ್ದೆಗೆ ಹೋಗುತ್ತೇನೆ.

ಹಾರುವ ಜಾತಿಯ ರಾಜ ಎಂದರೆ ಪಾಂಟಾಲಾ ಫ್ಲಾವೆಸೆನ್ಸ್, ಇಂಗ್ಲಿಷಿನ ವಾಂಡರಿಂಗ್ ಗ್ಲೈಡರ್. ಮಳೆ ಹಿಂದೆ ಸರಿಯುವ ಹೊತ್ತಿಗೆ ನಮ್ಮ ಅಂಗಳದ ಮೇಲೆ ಗುಂಪುಗುಂಪಾಗಿ ಸುತ್ತುವ ಹಳದಿ ಮೈಯವು ಬಹುಪಾಲು ಇವೇ. ಮಾಲ್ಡೀವ್ಸ್‌ನಲ್ಲಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆಂಡರ್ಸನ್ 2009 ರಲ್ಲಿ, ಇವು ಭಾರತದಿಂದ ಸಮುದ್ರ ದಾಟಿ ಪೂರ್ವ ಆಫ್ರಿಕಾಕ್ಕೆ ಹೋಗುತ್ತವೆ, ಹೋಗಿ ಬರುವ ಆ ಪೂರ್ತಿ ಸುತ್ತು ಹಲವು ತಲೆಮಾರು ಸೇರಿ ಮುಗಿಯುತ್ತದೆ ಎಂದು ಬರೆದರು. ಅದನ್ನು ಓದಿದ ಮೇಲೆ ಅಂಗಳದ ಮೇಲಿನ ಆ ಗುಂಪನ್ನು ನಾನು ನೋಡುವ ರೀತಿಯೇ ಬದಲಾಯಿತು.

ಇವು ಹಗಲಲ್ಲಿ ಕೂರುವುದು ಅಪರೂಪ. ಹಾರುವಾಗಲೇ ತೆಗೆಯಬೇಕು. ಲೆಕ್ಕ ಹಾಕಿ ನೋಡಿ: ರೆಕ್ಕೆಯ ಉದ್ದ ಸುಮಾರು ನಾಲ್ಕು ಸೆಂಟಿಮೀಟರ್, ಸೆಕೆಂಡಿಗೆ ಮೂವತ್ತರ ಆಸುಪಾಸು ಬಡಿತ. ಒಂದು ಬಡಿತಕ್ಕೆ ಮೇಲೆ ಹೋಗಿ ಕೆಳಗೆ ಬರುವಾಗ ತುದಿ ಹನ್ನೆರಡು ಹದಿಮೂರು ಸೆಂಟಿಮೀಟರ್ ಸಾಗುತ್ತದೆ ಎಂದಿಟ್ಟುಕೊಂಡರೆ, ಸೆಕೆಂಡಿಗೆ ನಾಲ್ಕು ಮೀಟರಿನಷ್ಟು ಓಡುತ್ತದೆ. 1/1000 ರಲ್ಲಿ ತೆಗೆದರೆ ತುದಿ ನಾಲ್ಕು ಮಿಲಿಮೀಟರ್ ಕದಡಿ ಬರುತ್ತದೆ, 1/3200 ರಲ್ಲಿ ಒಂದಕ್ಕಿಂತ ತುಸು ಹೆಚ್ಚು. ನಾನು 1/2500 ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಬೆಳಕು ಸಾಲದಿದ್ದರೆ ಐಎಸ್‌ಒ, ಅಂದರೆ ಸೆನ್ಸರಿನ ಬೆಳಕಿನ ಸೂಕ್ಷ್ಮತೆ, 1600 ಕ್ಕೆ ಏರಿಸುತ್ತೇನೆ. ಆಟೋಫೋಕಸ್ ಬಂದ್. ಅಂಗಳದ ಮೇಲೆ ಅದರ ಸುತ್ತಿಗೆ ಒಂದು ಜಾಡಿದೆ. ಬೇಲಿಯ ದಾಟುಗಂಡಿಯಾದ ದಣಪೆಯ ಹತ್ತಿರ ತಿರುಗುವಾಗ ವೇಗ ತಗ್ಗುತ್ತದೆ. ಅಷ್ಟೇ ದೂರದಲ್ಲಿರುವ ಒಂದು ಎಲೆಗೆ ಕೈಯಲ್ಲಿ ಫೋಕಸ್ ಮಾಡಿಟ್ಟು, ಹುಳ ಅಲ್ಲಿಗೆ ಬರುವ ಮುನ್ನವೇ ಬರ್ಸ್ಟ್, ಅಂದರೆ ಒಂದರ ಹಿಂದೊಂದು ಚಿತ್ರ, ಶುರು. ಬಂದ ಮೇಲೆ ಒತ್ತಿದರೆ ಹೋಗಿಬಿಟ್ಟಿರುತ್ತದೆ. ಇದಕ್ಕಿಂತ ಸುಲಭದ್ದು ಮೊಟ್ಟೆ ಇಡುವ ಹೊತ್ತು. ಹೊಂಡದ ನೀರಿಗೆ ಬಾಲ ಅದ್ದಿ ಎದ್ದು, ಮತ್ತೆ ಪಕ್ಕದಲ್ಲೇ ಅದ್ದುವಾಗ ಜಾಗ ಮೊದಲೇ ತಿಳಿದಿರುತ್ತದೆ. ಕೆಲವು ಜಾತಿಗಳಲ್ಲಿ ಗಂಡು ಮೇಲೆಯೇ ನಿಂತು ಕಾವಲು ಕಾಯುವುದರಿಂದ ಎರಡೂ ಒಂದೇ ಚೌಕಟ್ಟಿಗೆ ಸಿಗುತ್ತವೆ.

ತೋಟದ ನೆರಳಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಬೆಳಕೇ ಇರುವುದಿಲ್ಲ. ಅಲ್ಲಿ ಫ್ಲಾಶ್ ಬೇಕು. ಶಕ್ತಿಯನ್ನು 1/16 ಕ್ಕೆ ಇಳಿಸಿದರೆ ಅದರ ಮಿಂಚು ಸುಮಾರು 1/10000 ಸೆಕೆಂಡಿನಷ್ಟೇ ಇರುವುದರಿಂದ ಚಲನೆಯನ್ನು ಅದೇ ಹಿಡಿದು ನಿಲ್ಲಿಸುತ್ತದೆ. ಮುಂದೆ ಬೆಳಕನ್ನು ಹರಡಿ ಮೆದುಮಾಡುವ ದೊಡ್ಡ ಡಿಫ್ಯೂಸರ್ ಕಟ್ಟಿದರೆ ಮೈಯ ಹೊಳಪು ಸುಡುವುದಿಲ್ಲ. ಅಡಿಕೆ ಮರಗಳ ನಡುವೆ ಬಿಸಿಲು ಇಳಿಯುವ ಕಡೆ ಗಾಳಿಯಲ್ಲಿ ನಿಂತೇ ಇರುವ ಹೂನೊಣಗಳನ್ನು ಹೀಗೇ ತೆಗೆದಿದ್ದೇನೆ. ಹಗಲೆಲ್ಲ ಕೈಗೆ ಸಿಗದ ನೀಲಿ ಪಟ್ಟೆಯ ಜೇನು, ಅಂದರೆ ಅಮೆಗಿಲ್ಲಾ, ಸಂಜೆಗೆ ದವಡೆಯಿಂದ ಒಣಕಡ್ಡಿ ಕಚ್ಚಿಕೊಂಡು ಸಾಲಾಗಿ ಮಲಗುತ್ತದೆ. ಆ ಕಡ್ಡಿ ಪತ್ತೆಯಾದರೆ ಮರುದಿನ ಸಂಜೆಯೂ ಹೋಗಿ ನೋಡಬೇಕು.

ಮಳೆ ಇಳಿದ ಮೇಲೆ ಶಾಲ್ಮಲೆ ಹೊಳೆಯ ಬಂಡೆಗಳಿಗೆ ಹೋಗುವುದು ಸ್ಟ್ರೀಮ್ ಗ್ಲೋರಿಗಾಗಿ. ಇದು ಡ್ಯಾಮ್ಸೆಲ್‌ಫ್ಲೈ, ಏರೋಪ್ಲೇನ್ ಚಿಟ್ಟೆಯ ನೆಂಟ, ರೆಕ್ಕೆ ಮಡಿಚಿ ಕೂರುವ ಬಳಗ. ಮಡಿಚಿದಾಗ ಮಂಕು ಕಂದು. ಗಂಡು ರೆಕ್ಕೆ ಬಿಚ್ಚಿತೆಂದರೆ ಹಿಂದಿನ ಜೋಡಿಯಲ್ಲಿ ನವಿಲುಗರಿಯ ಹಸಿರು ಝಗ್ಗೆನ್ನುತ್ತದೆ. ಇನ್ನೊಂದು ಗಂಡು ಹತ್ತಿರ ಬಂದಾಗ ತೆರೆಯುವುದು ಹೆಚ್ಚು. ಆದ್ದರಿಂದ ಎರಡು ಗಂಡುಗಳಿರುವ ಬಂಡೆಯನ್ನೇ ಹುಡುಕಿ ಕೂರುತ್ತೇನೆ. ಹಸಿರಿಗೆ ಎಕ್ಸ್‌ಪೋಶರ್, ಅಂದರೆ ಒಳಬಿಡುವ ಬೆಳಕು, ತುಸು ಇಳಿಸಿಡಿ, ಇಲ್ಲವಾದರೆ ಬಿಳಿಚಿಕೊಳ್ಳುತ್ತದೆ.

ಕರಾವಳಿಯ ತೊಂದರೆ ಗಾಳಿ. ಕಾರವಾರದ ಕಾಳಿ ಹೊಳೆಯ ದಂಡೆಯಲ್ಲಿ, ಅಘನಾಶಿನಿ ಹೊಳೆಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಮಧ್ಯಾಹ್ನಕ್ಕೆ ಕಡಲಗಾಳಿ ಏಳುತ್ತದೆ, ಕಡ್ಡಿಯ ಜೊತೆ ಹುಳವೂ ತೂಗುತ್ತದೆ. ಅವು ಗಾಳಿಗೆ ಮುಖಮಾಡಿ ಕೂರುವುದರಿಂದ ಗಾಳಿ ಬರುವ ದಿಕ್ಕಿಗೆ ಅಡ್ಡವಾಗಿ ನಿಂತರೆ ಬದಿಯ ಚಿತ್ರ ತಾನಾಗಿ ಸಿಗುತ್ತದೆ. ತೂಗಾಟದ ಕೊನೆಯಲ್ಲಿ, ಕಡ್ಡಿ ಹಿಂತಿರುಗುವ ಮುನ್ನ ಕ್ಷಣಮಾತ್ರ ನಿಂತಾಗ ಒತ್ತಬೇಕು.

ಮಳೆಗಾಲದಲ್ಲಿ ರಕ್ತ ಹೀರುವ ಉಂಬಳಕ್ಕಿಂತ ಲೆನ್ಸಿನ ಬೂಷ್ಟಿನ ಚಿಂತೆ ದೊಡ್ಡದು. ಗಾಳಿಯಾಡದ ಡಬ್ಬಿ, ಒಳಗೆ ನೀಲಿ ಸಿಲಿಕಾ ಜೆಲ್. ಅದು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕುವುದು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಪೊರೆ ಬಿಡುವ ಹೊತ್ತು. ನೀರೊಳಗೆ ಬೆಳೆದ ಮರಿ ಕತ್ತಲಲ್ಲಿ ಭತ್ತದ ದಂಟು ಹತ್ತಿ, ಬೆನ್ನು ಸೀಳಿ ಹೊರಬರುತ್ತದೆ. ಮುದುಡಿದ ರೆಕ್ಕೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಬೆಳಕು ಹರಿಯುವ ಮುನ್ನ ಟಾರ್ಚ್ ಹಿಡಿದು ದಂಟುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ ಸಿಗುತ್ತದೆ. ಆಗ ರೆಕ್ಕೆ ಎಷ್ಟು ಮೆತ್ತಗಿರುತ್ತದೆಂದರೆ ದಂಟು ತಾಗಿದರೂ ಸೊಟ್ಟಗಾಗಿ ಜನ್ಮಕ್ಕೂ ಹಾರದೆ ಉಳಿಯಬಹುದು. ಅದಕ್ಕೇ ಟ್ರೈಪಾಡನ್ನು ದೂರದಲ್ಲೇ ನಿಲ್ಲಿಸುತ್ತೇನೆ.

ಕೊನೆಗೆ ಗುರುತಿನ ಮಾತು. ಚಂದದ ಎದುರು ಚಿತ್ರದಿಂದ ಜಾತಿ ತಿಳಿಯುವುದಿಲ್ಲ. ಎದೆಯ ಬದಿಯ ಪಟ್ಟೆ, ರೆಕ್ಕೆಯ ನರಗಳು, ಗಂಡಿನ ಬಾಲದ ತುದಿಯ ಕೊಂಡಿ, ಈ ಮೂರೂ ಬೇಕು. ಬಾಲದ ತುದಿ ಉಬ್ಬಿದ ಹಳ್ಳದಂಚಿನ ಕ್ಲಬ್‌ಟೇಲ್ ಬಳಗದಲ್ಲಂತೂ ಕೊಂಡಿಯ ಆಕಾರ ಕಾಣದೆ ಖಚಿತವಾಗಿ ಹೆಸರಿಡುವುದು ಬಹಳ ಕಷ್ಟ. ತೆಗೆದ ಜಾಗ, ತಾರೀಕು ಜೊತೆಗಿಟ್ಟು ಜೀವಿಗಳ ದಾಖಲೆ ಇಡುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಸೇರಿಸಿದರೆ ತಿಳಿದವರು ನೋಡಿ ಹೆಸರು ಹೇಳುತ್ತಾರೆ. ನಮ್ಮ ಹಳ್ಳದ ಹುಳ ದಾಖಲೆಗೆ ಸೇರುತ್ತದೆ.