ಒಡವೆ ತೊಳೆಯುವ ಮುಂಚೆ ಕಲ್ಲು ಯಾವುದು ಅಂತ ನೋಡಿ

ನಾನು ಬೆಳ್ಳಿ ತಂತಿ, ಮಣಿ, ಸಹಜ ಕಲ್ಲುಗಳಿಂದ ಮನೆಯಲ್ಲೇ ಒಡವೆ ಮಾಡುತ್ತೇನೆ. ಮಾಡುವುದನ್ನು ಬೇಗ ಕಲಿತೆ. ಮಾಡಿದ್ದನ್ನು ಜೋಪಾನ ಮಾಡೋದು ಕಲಿಯೋಕೆ ಮಾತ್ರ ಒಂದು ಫಿರೋಜಾ ಕಲ್ಲು ಕೆಡಬೇಕಾಯಿತು.

ನನಗೆ ಅಂತಲೇ ಮಾಡಿಕೊಂಡ ಮೊದಲ ಪದಕ ಅದು. ಆಕಾಶದ ನೀಲಿ ಕಲ್ಲು, ಸುತ್ತ ಬೆಳ್ಳಿ ತಂತಿಯ ಹೆಣಿಗೆ. ಸ್ನಾನ ಮಾಡುವಾಗಲೂ ತೆಗೆಯುತ್ತಿರಲಿಲ್ಲ, ಕ್ರೀಮು ಹಚ್ಚುವಾಗಲೂ ತೆಗೆಯುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಮೈಗೆ ತಾಗುವ ಬದಿ ಹಸಿರಿಗೆ ತಿರುಗಿತು. ಕೊಳೆ ಇರಬೇಕು ಅಂತ ಬಿಸಿ ಸೋಪು ನೀರಲ್ಲಿ ನೆನೆಹಾಕಿ ಉಜ್ಜಿದೆ. ಹಸಿರು ಹೋಗಲಿಲ್ಲ, ಇದ್ದ ಹೊಳಪೂ ಹೋಯಿತು. ಫಿರೋಜಾದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಬೆವರು, ಎಣ್ಣೆ, ಸೆಂಟು ಎಲ್ಲವನ್ನೂ ಅದು ಹೀರಿಕೊಳ್ಳುತ್ತದೆ. ಒಳಗೆ ಇಳಿದದ್ದನ್ನು ಮೇಲಿಂದ ಉಜ್ಜಿ ತೆಗೆಯೋಕಾಗುತ್ತಾ?

ಈಗ ಯಾವ ಒಡವೆ ಕೈಗೆ ಬಂದರೂ ಮೊದಲು ಕಲ್ಲು ಯಾವುದು ಅಂತ ನೋಡುತ್ತೇನೆ. ಮಾಣಿಕ್ಯ, ನೀಲ ಗಟ್ಟಿ ಕಲ್ಲುಗಳು. 10 ಅಂಕದ ಮೋಸ್ ಗಡಸುತನದ ಅಳತೆಯಲ್ಲಿ ಅವು 9. ಬಿರುಕಿಲ್ಲದಿದ್ದರೆ ಉಗುರು ಬೆಚ್ಚಗಿನ ನೀರು, ಒಂದು ಹನಿ ಸೋಪು, ಮಕ್ಕಳ ಮೆತ್ತನೆ ಬ್ರಷ್ ಸಾಕು. ಪಚ್ಚೆಯ ವಿಷಯ ಬೇರೆ. ಬಹಳಷ್ಟು ಪಚ್ಚೆಗಳ ಒಳಬಿರುಕು ಕಾಣದಿರಲಿ ಅಂತ ಎಣ್ಣೆ ತುಂಬಿರುತ್ತಾರೆ. ಬಿಸಿ ನೀರಿಗೋ, ಶಬ್ದದ ಅಲೆಗಳಿಂದ ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಮಷೀನಿಗೋ ಹಾಕಿದರೆ ಆ ಎಣ್ಣೆ ಹೊರಗೆ ಬಂದು ಬಿರುಕು ಎದ್ದು ಕಾಣುತ್ತದೆ. ಓಪಲ್ ಒಳಗೆ ನೀರಿನ ಅಂಶವಿದೆ, ಅದಕ್ಕೆ ಬಿಸಿ ತಾಗಲೇಬಾರದು. ಅಮೆಥಿಸ್ಟನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಡುವುದಿಲ್ಲ, ನೇರಳೆ ಬಣ್ಣ ಮಾಸುತ್ತದೆ.

ಒಣ ಬಟ್ಟೆಯಲ್ಲಿ ಸುಮ್ನೆ ಒರೆಸಿದರೆ ಏನೂ ಆಗಲ್ಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಧೂಳಿನಲ್ಲಿ ಸ್ಫಟಿಕದ ಪುಡಿ ಇರುತ್ತದೆ, ಅದರ ಗಡಸುತನ 7. ಮುತ್ತು, ಹವಳ, ಫಿರೋಜಾ ಎಲ್ಲ ಅದಕ್ಕಿಂತ ಮೆತ್ತಗೆ. ಒರೆಸಿದಷ್ಟೂ ಗೀರು ಬೀಳುತ್ತದೆ. ನಾನು ಮೊದಲು ಮೆತ್ತನೆ ಕುಂಚದಿಂದ ಧೂಳು ಹಾರಿಸಿ, ಆಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆ ಮುಟ್ಟಿಸುತ್ತೇನೆ.

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ರಬ್ಬರ್ ಬ್ಯಾಂಡಲ್ಲೂ ಗಂಧಕ ಇರುತ್ತದೆ, ಹಾಗಾಗಿ ಸರಗಳನ್ನು ಅದರಲ್ಲಿ ಸುತ್ತಿಡಬೇಡಿ. ಒಂದೊಂದು ಬೆಳ್ಳಿ ಒಡವೆಯನ್ನೂ ಗಾಳಿಯಾಡದ ಬೇರೆ ಬೇರೆ ಜಿಪ್ ಕವರಿನಲ್ಲಿ ಇಡಿ. ಕಪ್ಪು ಹೋಗಲಿ ಅಂತ ಬೆಳ್ಳಿ ಅದ್ದಿ ತೆಗೆಯುವ ದ್ರಾವಣವನ್ನು ನಾನು ಕೈಕೆಲಸದ ಒಡವೆಗೆ ಬಳಸುವುದೇ ಇಲ್ಲ. ಚಿತ್ತಾರ ಎದ್ದು ಕಾಣಲಿ ಅಂತ ಸಂದುಗಳಲ್ಲಿ ಬೇಕೆಂದೇ ಕಪ್ಪು ಏರಿಸಿರುತ್ತೇವೆ. ಆ ದ್ರಾವಣ ಅದನ್ನೂ ತೊಳೆದುಬಿಡುತ್ತದೆ, ಒಡವೆ ಬೋಳಾಗಿ ಕಾಣುತ್ತದೆ.

ಜಾಸ್ತಿ ಹೊತ್ತು ಬೇಡುವುದು ಮುತ್ತಿನ ಸರ. ಮುತ್ತು ಅಂದರೆ ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಸವೆಯುತ್ತದೆ, ಬೆವರೂ ಅದಕ್ಕೆ ಒಳ್ಳೆಯದಲ್ಲ. ಅಲಂಕಾರ ಎಲ್ಲ ಮುಗಿದ ಮೇಲೆ ಹಾಕಿಕೊಳ್ಳುತ್ತೇನೆ, ಬಂದ ತಕ್ಷಣ ಮೊದಲು ಅದನ್ನೇ ತೆಗೆದು ಒರೆಸುತ್ತೇನೆ. ನೀರಲ್ಲಿ ಮುಳುಗಿಸುವುದಿಲ್ಲ, ಒಳಗಿನ ರೇಷ್ಮೆ ದಾರ ಸಡಿಲವಾಗುತ್ತದೆ. ದಾರ ನೋಡುವುದು ಹೀಗೆ: ಸರವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆದು ಹಿಡಿಯಿರಿ. ಮುತ್ತಿಗೂ ಗಂಟಿಗೂ ನಡುವೆ ಸಂದು ಕಂಡರೆ, ಕೊಂಡಿ ಹತ್ತಿರ ದಾರ ಕಪ್ಪಾಗಿದ್ದರೆ ಮತ್ತೆ ಪೋಣಿಸುವ ಹೊತ್ತಾಯಿತು.

ಟವೆಲ್ ಹಾಸಿ, ಮುತ್ತುಗಳನ್ನು ಇದ್ದ ಸಾಲಿನಲ್ಲೇ ಇಟ್ಟು ಶುರು ಮಾಡುತ್ತೇನೆ. ಒಂದು ಮುತ್ತು, ಒಂದು ಗಂಟು. ಗಂಟು ಬಿಗಿಯುವ ಮುಂಚೆ ಅದರೊಳಗೆ ಸೂಜಿ ತೂರಿಸಿ, ಮುತ್ತಿನ ಬಾಯಿಯವರೆಗೂ ಜಾರಿಸಿ, ಆಮೇಲೆ ಸೂಜಿ ಎಳೆದುಕೊಳ್ಳುತ್ತೇನೆ. ಈ ಗಂಟಿದ್ದರೆ ದಾರ ಹರಿದರೂ ಮುತ್ತುಗಳೆಲ್ಲ ಚೆಲ್ಲಾಪಿಲ್ಲಿ ಆಗಲ್ಲ, ಒಂದಕ್ಕೊಂದು ಉಜ್ಜುವುದೂ ಇಲ್ಲ. ಹೊಸ ದಾರದ ಸರ ಮೊದಮೊದಲು ಸ್ವಲ್ಪ ಸೆಟೆದುಕೊಂಡಿರುತ್ತದೆ. ನಾಲ್ಕು ಸಲ ಹಾಕಿಕೊಂಡರೆ ಕತ್ತಿಗೆ ತಕ್ಕಂತೆ ಬಾಗುತ್ತದೆ.