ಇಬ್ಬರ ಯುರೋಪ್ ಪ್ರವಾಸ: ಬೆಟ್ಟದ ನಡಿಗೆ, ಹಳೆಯ ಊರು ಎರಡೂ ಒಂದೇ ದಾರಿಯಲ್ಲಿ

ಯುರೋಪ್ ಪ್ರವಾಸಕ್ಕೆ ಹೊರಟ ದಂಪತಿಯಲ್ಲಿ ಒಬ್ಬರಿಗೆ ಬೆಟ್ಟ ಹತ್ತುವ, ನದಿಗಿಳಿಯುವ ಆಸೆ, ಇನ್ನೊಬ್ಬರಿಗೆ ಕೋಟೆ ಮತ್ತು ಹಳೆಯ ಬೀದಿಗಳ ಮೋಹ ಇರುವುದು ಸಾಮಾನ್ಯ. ದಿನಗಳನ್ನು ಸರದಿಯ ಮೇಲೆ ಹಂಚಿಕೊಂಡರೆ ಪ್ರತಿದಿನವೂ ಇಬ್ಬರಲ್ಲೊಬ್ಬರು ಕೇವಲ ಜೊತೆಗೆ ಬಂದವರಾಗಿ ಉಳಿಯುತ್ತಾರೆ. ಆದ್ದರಿಂದ ನಡಿಗೆಯೂ ಚರಿತ್ರೆಯೂ ಒಂದೇ ದಾರಿಯಲ್ಲಿ ಸಿಗುವ ಪ್ರದೇಶವನ್ನು ಆರಿಸಿಕೊಳ್ಳುವುದು ಯೋಜನೆಯ ಮೊದಲ ಹೆಜ್ಜೆ. ಈ ದೃಷ್ಟಿಯಿಂದ ಸ್ಲೊವೇನಿಯಾ ಬಹಳ ಅನುಕೂಲವಾದ ದೇಶ. ವಿಸ್ತೀರ್ಣ ಸುಮಾರು 20 ಸಾವಿರ ಚದರ ಕಿ.ಮೀ., ಅಂದರೆ ಕರ್ನಾಟಕದ ಹತ್ತರಲ್ಲೊಂದು ಪಾಲು. ಅಷ್ಟರೊಳಗೇ ಆಲ್ಪ್ಸ್ ಶಿಖರಗಳು, ಸರೋವರಗಳು, ಮಧ್ಯಯುಗದ ಪಟ್ಟಣಗಳು ಮತ್ತು ಏಡ್ರಿಯಾಟಿಕ್ ಕಡಲ ತೀರ ಇವೆ.

ಎರಡನೆಯದು, ತಿಂಗಳ ಆಯ್ಕೆ. ಜೂನ್ ಅಥವಾ ಸೆಪ್ಟೆಂಬರ್ ಉತ್ತಮ. ಜುಲೈ, ಆಗಸ್ಟ್‌ನಲ್ಲಿ ಜನಸಂದಣಿ ಹೆಚ್ಚು, ಚಳಿಗಾಲದಲ್ಲಿ ಹಿಮದಿಂದಾಗಿ ಘಟ್ಟದ ರಸ್ತೆಗಳು ಮುಚ್ಚುತ್ತವೆ.

ಮುಂದಿನದು ಮಾರ್ಗ. ಹತ್ತು ರಾತ್ರಿಗಳಿದ್ದರೆ ನಾಲ್ಕು ಊರುಗಳಿಗಿಂತ ಹೆಚ್ಚು ಕಡೆ ತಂಗಬೇಡಿ. ರಾಜಧಾನಿ ಲ್ಯೂಬ್ಲಿಯಾನಾದಲ್ಲಿ ಎರಡು ರಾತ್ರಿ ಇದ್ದು ಪ್ರಯಾಣದ ದಣಿವು ಆರಿಸಿಕೊಳ್ಳಿ. ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ ರೂಪಿಸಿದ ಇಲ್ಲಿನ ಸೇತುವೆಗಳು, ನದಿದಂಡೆ ಮತ್ತು ಮಾರುಕಟ್ಟೆಯನ್ನು ಯುನೆಸ್ಕೊ 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಇವನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಬಹುದು. ಅಲ್ಲಿಂದ ಸರೋವರಗಳ ಕಡೆ ಹೊರಟಾಗ ದಾರಿಯಲ್ಲಿ ಶ್ಕೋಫ್ಯಾ ಲೋಕಾ ಪಟ್ಟಣದಲ್ಲಿ ಅರ್ಧ ದಿನ ಕಳೆಯಿರಿ. 973ರಲ್ಲಿ ಚಕ್ರವರ್ತಿ ಎರಡನೆಯ ಓಟೊ ಈ ಸೀಮೆಯನ್ನು ಜರ್ಮನಿಯ ಫ್ರೈಸಿಂಗ್‌ನ ಬಿಷಪ್‌ಗೆ ದಾನ ಕೊಟ್ಟಿದ್ದ. ಹದಿನಾಲ್ಕನೆಯ ಶತಮಾನದಲ್ಲಿ ಇಲ್ಲಿ ಒಂಟಿ ಕಮಾನಿನ ಕಲ್ಲಿನ ಸೇತುವೆ ಕಟ್ಟಿಸಿದ ಬಿಷಪ್ ಲಿಯೋಪೋಲ್ಡ್, ಆಗ ಕೈಪಿಡಿ ಗೋಡೆಯೇ ಇಲ್ಲದಿದ್ದ ಅದೇ ಸೇತುವೆಯಿಂದ ಬಿದ್ದು ಸತ್ತನೆಂದು ಊರಿನವರು ಹೇಳುತ್ತಾರೆ.

ನಂತರದ ಮೂರು ರಾತ್ರಿಗಳಿಗೆ ಬ್ಲೆಡ್ ಸರೋವರದ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ದ್ವೀಪದ ಚರ್ಚಿಗೆ ದೋಣಿಯಲ್ಲಿ ಹೋಗಿ 99 ಮೆಟ್ಟಿಲು ಹತ್ತುವುದು, ಸರೋವರವನ್ನು ಸುತ್ತುವ ಆರು ಕಿ.ಮೀ. ಹಾದಿಯಲ್ಲಿ ನಡೆಯುವುದು ಖಂಡಿತ ಚೆನ್ನ. ಆದರೆ ತಂಗಲು ನಾನು ಸೂಚಿಸುವುದು ಅಲ್ಲಿಂದ ಮುಂದೆ, ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದೊಳಗಿರುವ ಬೋಹಿನ್ ಸರೋವರವನ್ನು. ಅಲ್ಲಿ ಗದ್ದಲ ಕಡಿಮೆ, ಕಾಲುದಾರಿಗಳು ಹೆಚ್ಚು, ಮತ್ತು ಕಾಲು ನೋವಿದ್ದವರು ವೋಗೆಲ್ ಬೆಟ್ಟಕ್ಕೆ ಕೇಬಲ್ ಕಾರಿನಲ್ಲಿ ಹೋಗಬಹುದು.

ಇಡೀ ಪ್ರವಾಸದ ತಿರುಳು ಇರುವುದು ಸೋಚಾ ನದಿಯ ಕಣಿವೆಯಲ್ಲಿ. ಅಲ್ಲಿಗೆ 1,611 ಮೀಟರ್ ಎತ್ತರದ ವರ್ಶಿಚ್ ಘಟ್ಟದ ಮೂಲಕ ಹೋಗಬೇಕು. ಐವತ್ತು ಹಿಮ್ಮುರಿ ತಿರುವುಗಳ ಈ ರಸ್ತೆಯನ್ನು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರಷ್ಯಾದ ಯುದ್ಧಕೈದಿಗಳಿಂದ ಕಟ್ಟಿಸಲಾಯಿತು; 1916ರ ಹಿಮಕುಸಿತದಲ್ಲಿ ಮಡಿದ ಕೈದಿಗಳ ನೆನಪಿಗೆ ನಿಂತಿರುವ ಮರದ ಪುಟ್ಟ ಚರ್ಚಿನ ಬಳಿ ಕಾರು ನಿಲ್ಲಿಸದೆ ಮುಂದೆ ಹೋಗಬೇಡಿ. ಕೆಳಗಿನ ಬೊವೆಟ್ಸ್‌ನಲ್ಲಿ ರಾಫ್ಟಿಂಗ್ ನಡೆಯುತ್ತದೆ. ಹಸಿರು ಮಿಶ್ರಿತ ನೀಲಿಯ ಆ ನೀರು ಬೇಸಿಗೆಯಲ್ಲೂ ಮೈ ಕೊರೆಯುವಷ್ಟು ತಣ್ಣಗಿರುವುದರಿಂದ ನಡೆಸುವವರೇ ದಪ್ಪ ರಬ್ಬರ್ ಉಡುಪು, ಹೆಲ್ಮೆಟ್ ಕೊಡುತ್ತಾರೆ. ಮಾರನೆಯ ದಿನ ಕೊಬಾರಿದ್ ಊರಿಗೆ ಹೋಗಿ. 1917ರ ಅಕ್ಟೋಬರ್‌ನಲ್ಲಿ ಇಟಲಿಯ ಸೇನೆ ಭಾರೀ ಸೋಲುಂಡ ಜಾಗವಿದು. ಮೊದಲು ಯುದ್ಧ ವಸ್ತುಸಂಗ್ರಹಾಲಯ ನೋಡಿ, ಆಮೇಲೆ ಸುಮಾರು ಐದು ಕಿ.ಮೀ. ಉದ್ದದ ಚಾರಿತ್ರಿಕ ಹಾದಿ ಹಿಡಿಯಿರಿ. ಇಟಲಿಯ ಸೈನಿಕರ ಅಸ್ಥಿಗಳಿರುವ ಸ್ಮಾರಕ, ಕಂದಕಗಳು, ನದಿಯ ಮೇಲಿನ ತೂಗುಸೇತುವೆ, ಕೊನೆಗೆ ಬಂಡೆಗಳ ನಡುವಿನ ಕೊಜ್ಯಾಕ್ ಜಲಪಾತ ಎಲ್ಲವೂ ಆ ಒಂದೇ ನಡಿಗೆಯಲ್ಲಿ ಸಿಗುತ್ತವೆ. ಈ ಕಣಿವೆಗೆ ಎರಡು ರಾತ್ರಿ ಕನಿಷ್ಠ. ಮಳೆ ಬಂದರೆ ಎಂದು ಇನ್ನೊಂದನ್ನು ಕೈಯಲ್ಲಿಟ್ಟುಕೊಂಡಿರಿ.

ಉಳಿದ ಎರಡು ರಾತ್ರಿ ಕಡಲ ತೀರದ ಪಿರಾನ್‌ಗೆ. 1797ರವರೆಗೆ ವೆನಿಸ್‌ನ ಆಳ್ವಿಕೆಯಲ್ಲಿದ್ದ ಈ ಊರಿನ ಕೋಟೆಗೋಡೆಯ ಮೇಲೆ ಸಂಜೆ ನಿಂತರೆ ಹೆಂಚಿನ ಮಾಡುಗಳೂ ಮೂರು ಕಡೆಯ ಸಮುದ್ರವೂ ಒಟ್ಟಿಗೆ ಕಾಣುತ್ತವೆ. 1902ರಿಂದ 1935ರವರೆಗೆ ಓಡಿದ ಪರೆಂಜಾನಾ ರೈಲಿನ ಹಳಿಯ ಜಾಡು ಈಗ ಸೈಕಲ್ ಹಾದಿಯಾಗಿದ್ದು, ಹಳೆಯ ಸುರಂಗಗಳೊಳಗೇ ತುಳಿದುಕೊಂಡು ಹೋಗಬಹುದು.

ಮಾರ್ಗ ನಿಶ್ಚಯವಾದ ಮೇಲೆ ವೀಸಾ. ಬೆಂಗಳೂರಿನಿಂದ ಹೋಗುವವರು ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಇಳಿದರೂ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ, ಅಂದರೆ ಸ್ಲೊವೇನಿಯಾಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು; ಕೊನೆಯ ಗಡುವು 15 ದಿನವಾದರೂ ಅಷ್ಟು ತಡ ಮಾಡುವುದು ಅಪಾಯ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ಸಾಮಾನ್ಯ ಪ್ರವಾಸಿ ವಿಮೆಗಳಲ್ಲಿ ರಾಫ್ಟಿಂಗ್, ಚಾರಣದಂಥವನ್ನು ಹೊರಗಿಟ್ಟಿರುವುದುಂಟು. ಪಾಲಿಸಿಯ ಷರತ್ತುಗಳನ್ನು ಓದಿಯೇ ಹಣ ಕಟ್ಟಿ. ವೀಸಾ ಕೈಗೆ ಬರುವ ತನಕ ರದ್ದುಪಡಿಸಲು ಅವಕಾಶವಿರುವ ಹೋಟೆಲ್‌ಗಳನ್ನೇ ಕಾಯ್ದಿರಿಸಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ. ನಮ್ಮ ಕಡುಬಿನಂತೆ ಹಿಟ್ಟಿನೊಳಗೆ ಹೂರಣ ತುಂಬಿ ಬೇಯಿಸುವ ಶ್ತ್ರುಕ್ಲಿ ಎಲ್ಲೆಡೆ ಸಿಗುತ್ತದೆ. ಮೊಟ್ಟೆ ತಿನ್ನದವರು ಕೇಳಿ ತರಿಸಿಕೊಳ್ಳಬೇಕು.

ಕಣಿವೆಗಳಲ್ಲಿ ಬಸ್ಸುಗಳು ವಿರಳವಾದ್ದರಿಂದ ಲ್ಯೂಬ್ಲಿಯಾನಾ ಬಿಡುವ ದಿನದಿಂದ ಬಾಡಿಗೆ ಕಾರು ಇರಲಿ. ಇಲ್ಲಿಂದಲೇ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ. ಅಲ್ಲಿ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಹಗಲಿನಲ್ಲೂ ದೀಪ ಹಾಕಿರಬೇಕು. ಹೆದ್ದಾರಿಗೆ ಟೋಲ್ ಗೇಟ್‌ಗಳ ಬದಲು ಇ-ವಿನ್ಯೆಟ್ ಎಂಬ ಪಾಸು ಇದೆ; ಕಾರು ಪಡೆಯುವಾಗಲೇ ಅದು ಚಾಲ್ತಿಯಲ್ಲಿದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಪಿರಾನ್‌ನ ಹಳೆಯ ಊರಿನೊಳಗೆ ಪ್ರವಾಸಿಗರ ಕಾರು ಬಿಡುವುದಿಲ್ಲ. ಊರಾಚೆಯ ಗ್ಯಾರೇಜಿನಲ್ಲಿ ನಿಲ್ಲಿಸಿ ಒಳಗೆ ಹೋಗಬೇಕಾದ್ದರಿಂದ ಎರಡು ದಿನಕ್ಕೆ ಬೇಕಾದ ಬಟ್ಟೆಬರೆಯನ್ನು ಒಂದು ಸಣ್ಣ ಚೀಲದಲ್ಲಿ ಬೇರೆಯಾಗಿ ತುಂಬಿಟ್ಟುಕೊಳ್ಳಿ.